ಸಮಪಾಲಿನ ಸಾಹೇಬರು

ಸರ್ಕಾರಿ ಶಾಲೆಗಳಿಗೆ ಅನುದಾನ ಹಂಚುವ ಸಾಹೇಬರಿಗೆ ಸಮಪಾಲೆಂದರೆ ಪ್ರಾಣ. ಕಚೇರಿಯ ಫ್ಯಾನು ಒಬ್ಬರ ಕಡೆಗೆ ತುಸು ಹೆಚ್ಚು ಹೊತ್ತು ತಿರುಗಿದರೂ ಅದನ್ನು ಗದರಿಸುತ್ತಾರೆ. ನಕ್ಕರೆ ಎಡಗಡೆಯವರಿಗೊಂದು ನಗು, ಬಲಗಡೆಯವರಿಗೊಂದು. ಈ ವರ್ಷ ಸುಣ್ಣಬಣ್ಣಕ್ಕೆಂದು ಪ್ರತಿ ಶಾಲೆಗೂ ಒಂದೇ ಮೊತ್ತ ಕೊಟ್ಟರು. ಗುಡ್ಡದ ಮೇಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದು, "ಬಣ್ಣದ ದುಡ್ಡೇನೋ ಬಂತು ಸಾರ್, ಬಳಿಯೋಕೆ ಗೋಡೆನೇ ಇಲ್ವಲ್ಲ, ಬಿದ್ದೋಗಿದೆ" ಎಂದರು. "ಒಬ್ಬರಿಗೆ ಜಾಸ್ತಿ ಕೊಟ್ರೆ ಅನ್ಯಾಯ ಆಗುತ್ತಮ್ಮ" ಎಂದು ಸಾಹೇಬರು ಕೈಮುಗಿದು ಕಳಿಸಿದರು. ಸಂಜೆ ಮನೆಯಲ್ಲಿ ಮಕ್ಕಳಿಗೆ ಬಡಿಸುವಾಗ ದೊಡ್ಡ ಮಗಳು ತಂಗಿಯ ತಟ್ಟೆ ನೋಡಿ ಮುಖ ಊದಿಸಿ, "ಅವಳಿಗೆ ಮಾತ್ರ ಯಾಕಪ್ಪಾ ಅಷ್ಟೊಂದು?" ಎಂದಳು. "ಪುಟ್ಟಿ ಈಗ ತಾನೇ ಜ್ವರದಿಂದ ಎದ್ದಿದಾಳಲ್ಲಮ್ಮ, ಅವಳಿಗೆ ಜಾಸ್ತಿನೇ ಬೇಕು" ಎಂದರು ಸಾಹೇಬರು. ಆಡಿದ ಮಾತು ತಮ್ಮ ಕಿವಿಗೇ ಬಿದ್ದು, ಬಡಿಸುತ್ತಿದ್ದ ಕೈ ಅಲ್ಲೇ ನಿಂತುಬಿಟ್ಟಿತು.