ಬಾಯಿ ದಾಟುವ ಹದಿನೈದು ನಿಮಿಷ

ನಮ್ಮೂರಲ್ಲಿ ಬಾಯಿ ಅಂದರೆ ಊಟ ಮಾಡುವ ಬಾಯಿ ಅಂತ ಯಾರೂ ಮೊದಲು ತಿಳಿಯುವುದಿಲ್ಲ. ಹೊಳೆ ಹೋಗಿ ಕಡಲಿಗೆ ಬೀಳುವ ಜಾಗ, ಮರಳ ದಿಬ್ಬದ ಮೇಲೆ ಅಲೆ ಮುರಿಯುವ ಜಾಗ, ಅದು ಬಾಯಿ. ನ್ಯೂಜಿಲೆಂಡಿನ ಈ ಪಶ್ಚಿಮ ದಂಡೆಯಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ಕ್ಷೇಮ ಕೇಳುವ ಮೊದಲೇ "ಬಾಯಿ ಹೇಗಿದೆ?" ಅಂತಾರೆ. "ಆಕಳಿಸ್ತಿದೆ" ಅಂದರೆ ದೋಣಿ ಬಿಡಬಹುದು. "ಹಲ್ಲು ಮಸೀತಿದೆ" ಅಂದರೆ ಸುಮ್ಮನೆ ಮನೆಯಲ್ಲಿ ಬಿದ್ದಿರಬೇಕು. ಆದರೆ ಮೀನಿನ ಆಸೆ ಯಾರನ್ನು ಬಿಟ್ಟಿದೆ?

ಈ ಬಾಯಿಗೆ ಕಾವಲು ಕೂತವಳು ನೋರೀನ್ ಗ್ಯಾಲಹರ್. ಅರವತ್ತೆರಡು ವಯಸ್ಸು. ದಕ್ಕೆಯ ತಗಡಿನ ಶೆಡ್ಡಿನಲ್ಲಿ ರೇಡಿಯೋ ಮುಂದೆ ಹತ್ತೊಂಬತ್ತು ವರ್ಷದಿಂದ ಕೂತಿದ್ದಾಳೆ, ಬಿಟ್ಟಿ ಕೆಲಸ. ಹೋಗುವ ದೋಣಿಯವರು "ಬಾಯಿಗೆ ಹೊರಟೆ" ಅಂತ ತಿಳಿಸಬೇಕು, ದಾಟಿದ ಮೇಲೆ "ಹೊರಗಿದೀನಿ" ಅನ್ನಬೇಕು. ಹದಿನೈದು ನಿಮಿಷದಲ್ಲಿ ಆ ಮಾತು ಬರದಿದ್ದರೆ ಅವಳು ರಕ್ಷಣಾ ದೋಣಿಯವರನ್ನು ಕಳಿಸಬೇಕು. ಅವರೂ ಹೋಗಬೇಕಾದ್ದು ಅದೇ ಬಾಯಿಗೇ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ರೇಡಿಯೋದಲ್ಲಿ ಅವಳ ದನಿ ಕೇಕಿಗೆ ಎಷ್ಟು ಹಿಟ್ಟು ಅಂತ ಹೇಳುವಷ್ಟು ನಿರಾಳ. ಗಟ್ಟಿಗಿತ್ತಿ ಅಂತ ಊರೆಲ್ಲ ಹೊಗಳುತ್ತದೆ. ಊರಿಗೇನು ಗೊತ್ತು ಮಣ್ಣು! ಆ ಹದಿನೈದು ನಿಮಿಷ ಅವಳು ಪ್ರತಿ ಸಲವೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ. ಅವಳ ಅಣ್ಣ ಫಿಂಟನ್ ಇದೇ ಬಾಯಲ್ಲಿ ಹೋದವನು. ಎಂಜಿನ್ ಕೈಕೊಟ್ಟಿತು ಅಂತ ಊರು ನಂಬಿದೆ. ಆವತ್ತು ಬಾಯಿಯ ಪಕ್ಕದ ಕಲ್ಲುಗೋಡೆ ಮೇಲೆ ನಿಂತಿದ್ದ ನೋರೀನ್‌ಗೆ ಗೊತ್ತಿರುವುದೇ ಬೇರೆ. ನಲವತ್ತು ವರ್ಷದಿಂದ ಗಂಡನ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಆ ಮಂಗಳವಾರ ಗಂಡ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದ. ಮಗಳು ಮೊಯ್ರಾ ಅಪ್ಪನ ದೋಣಿಯನ್ನು ಮೊದಲ ಸಲ ಒಬ್ಬಳೇ ತೆಗೆದಳು. ಜಿಟಿಜಿಟಿ ಮಳೆ. ಶೆಡ್ಡಿನ ಕಿಟಕಿಗೆ ಹೊಳೆಯ ತಿರುವಷ್ಟೇ ಕಾಣುತ್ತಿತ್ತು, ಆಚೆಯ ಬಾಯಿ ಕಾಣದು.

"ಬಾಯಿಗೆ ಹೊರಟೆ, ಅಮ್ಮ."

"ಆಯ್ತು. ಎಂಟು ಇಪ್ಪತ್ತು," ಅಂದಳು ನೋರೀನ್, ದೋಣಿಗಳ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತ, ಅದೇ ಕೇಕಿನ ದನಿಯಲ್ಲಿ.

ಐದು ನಿಮಿಷ ಆಯಿತು. ಟೀ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಎಂಟು ನಿಮಿಷಕ್ಕೆ ಕರೆದಳು, "ಮೊಯ್ರಾ, ಎಲ್ಲಿದೀಯ?" ಬರೀ ಗೊರಗೊರ ಸದ್ದು. ಮತ್ತೆ ಕರೆದಳು. ಹತ್ತಾಯಿತು. ರಕ್ಷಣಾ ದೋಣಿಯ ಇಬ್ಬರ ಮುಖ ಕಣ್ಣಮುಂದೆ ಬಂತು. ಒಬ್ಬನ ಹೆಂಡತಿ ತುಂಬು ಗರ್ಭಿಣಿ. ಈಗಲೇ ಕಳಿಸಲೇ, ಪೂರ್ತಿ ಕಾಯಲೇ? ಕಳಿಸಿ ಅವರು ಮುಳುಗಿದರೆ? ಕಾದು ಇವಳು ಮುಳುಗಿದರೆ? ಹದಿಮೂರು ನಿಮಿಷ ದಾಟಿತು. ನೋರೀನ್ ಫೋನಿಗೆ ಕೈ ಹಾಕಿದಳು. ಬೆರಳಿಗೆ ಅಂಕಿ ಸಿಗಲೇ ಇಲ್ಲ.

ಅಷ್ಟರಲ್ಲಿ ಹಿಂದೆ ಬಾಗಿಲು ತೆಗೆದ ಸದ್ದು. ಮೊಯ್ರಾ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ದಾಟ್ಲಿಲ್ಲಮ್ಮ. ಅಲೆ ನೋಡಿ ಕೈಕಾಲೇ ಆಡ್ಲಿಲ್ಲ. ತಿರುಗಿಸಿ, ತಿರುವಿನಾಚೆ ಹಳೇ ಕಲ್ಲಿದ್ದಲ ಕಟ್ಟೆಗೆ ದೋಣಿ ಕಟ್ಟಿ ನಡ್ಕೊಂಡು ಬಂದೆ."

ನೋರೀನ್ ಫೋನು ಕೆಳಗಿಟ್ಟಳು. ಮಗಳನ್ನು ಅಪ್ಪಿಕೊಳ್ಳಬೇಕು, ಕೆನ್ನೆಗೆ ಎರಡು ಬಾರಿಸಲೂಬೇಕು ಅನ್ನಿಸಿತು. "ರೇಡಿಯೋದಲ್ಲಿ ಒಂದು ಮಾತು ಹೇಳೋಕೆ ಏನು ರೋಗ ನಿಂಗೆ? ನನ್ನ ಜೀವ ಹೋಗಿ ಬಂತು."

"ಎಲ್ಲಾ ದೋಣಿಯವ್ರೂ ಕೇಳಿಸ್ಕೋತಾರಲ್ಲಮ್ಮ."

ಕೇಳಿಸಿಕೊಂಡೇ ಇದ್ದರು. ಹೊರಗೆ ಕಡಲಲ್ಲಿದ್ದ ಅರ್ನಿ ಪ್ರಾಟ್, ಊರನ್ನೆಲ್ಲ ರೇಗಿಸುವ ಮುದುಕ, ರೇಡಿಯೋದಲ್ಲಿ ನಕ್ಕ. "ಏನಮ್ಮಾ ನೋರೀನ್, ಮೊಯ್ರಾ ಇನ್ನೂ ಈ ಕಡೆ ಕಾಣ್ಲಿಲ್ವಲ್ಲ. ಬಾಯಿ ನೋಡಿ ಅಮ್ಮನ ಮಡಿಲಿಗೆ ಓಡಿ ಬಂದ್ಲಾ?"

ಬೇರೆ ಯಾರೋ ಕಿಸಕ್ಕೆಂದರು. ಮೊಯ್ರಾಳ ಕಿವಿ ಕೆಂಪಾಯಿತು. ಅವಳು ಬಾಗಿಲ ಕಡೆ ತಿರುಗಿದಳು. "ಉಬ್ಬರ ಇನ್ನೂ ಅರ್ಧ ಗಂಟೆ ಇದೆ. ಇನ್ನೊಂದ್ಸಲ ನೋಡ್ತೀನಿ."

ಆವತ್ತು ಫಿಂಟನ್ ಹೇಳಿದ್ದೂ ಅದನ್ನೇ. ನೋರೀನ್ ರೇಡಿಯೋದ ಮೈಕು ಎತ್ತಿಕೊಂಡು ಗುಂಡಿ ಒತ್ತಿದಳು.

"ಹೌದು ಅರ್ನಿ, ಹೆದರಿ ಬಂದ್ಲು. ಫಿಂಟನ್ನೂ ಆವತ್ತು ಹೆದರಿ ತಿರುಗಿ ಬಂದಿದ್ದ. ಅವನ ಎಂಜಿನ್ ಚೆನ್ನಾಗೇ ಇತ್ತು. ಗೋಡೆ ಮೇಲೆ ನಿಂತ್ಕೊಂಡು ಪುಕ್ಕಲ ಅಂತ ನಕ್ಕವಳು ನಾನು. ನಾನು ನಕ್ಕಿದ್ದಕ್ಕೇ ಅವನು ಮತ್ತೆ ಹೋದ."

ದನಿ ನಡುಗುತ್ತಿತ್ತು. ಊರು ಅವಳ ಆ ದನಿಯನ್ನು ಕೇಳಿದ್ದು ಅದೇ ಮೊದಲು.

ಮೊಯ್ರಾಳ ಕೈ ಚಿಲಕದಿಂದ ಕೆಳಗಿಳಿಯಿತು. ಆಮೇಲೆ ಅರ್ನಿ ಮೆಲ್ಲಗೆ ಅಂದ, "ಮೊಯ್ರಾ ವಾಪಸ್ ಬಂದ್ಲು ಅಂತ ಬರ್ಕೋ, ನೋರೀನ್."

ನೋರೀನ್ ಪುಸ್ತಕ ಎಳೆದುಕೊಂಡು ಪೆನ್ನು ಎತ್ತಿಕೊಂಡಳು. ಮೊಯ್ರಾ ಬಂದು ಅಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದಳು.