ಸಾತಲಿಂಗಪ್ಪ ಉಣ್ಣಿಸಿದ ಸೀತನಿ

ಅಕ್ಕಲಕೋಟೆ ಸೀಮೆಯ ಕರಜಗಿಯ ಸಾತಲಿಂಗಪ್ಪನ ಹೊಲಕ್ಕೆ ಹೋದವರು ಹಸಿದ ಹೊಟ್ಟೆಯಲ್ಲಿ ತಿರುಗಿ ಬಂದದ್ದಿಲ್ಲ. ಹಾದಿ ತಪ್ಪಿದ ಕುರುಬನೇ ಇರಲಿ, ಹೊಲ ಅಳೆಯಲು ಬಂದ ಸರಕಾರದವನೇ ಇರಲಿ, ಮೊದಲು ರೊಟ್ಟಿ, ಆಮೇಲೆ ಮಾತು. ಅವನ ಓದು ಏಳನೆಯ ಇಯತ್ತೆಗೇ ನಿಂತಿತ್ತು. ಉಪ್ಪಿನ ಋಣದ ಶಾಸ್ತ್ರವನ್ನು ಮಾತ್ರ ಅರೆದು ಕುಡಿದಿದ್ದ. ಉಂಡವನ ನಾಲಿಗೆ ಉಂಡ ಮನೆಯ ವಿರುದ್ಧ ತಿರುಗುವುದಿಲ್ಲವೆಂದು ಅವನ ನಂಬಿಕೆ. ಬದುವಿನ ಜಗಳವಾಗಲಿ, ನೀರಿನ ಪಾಳಿಯ ತಕರಾರಾಗಲಿ, ಎಲ್ಲವನ್ನೂ ಊಟದ ಗಂಗಾಳದ ಮುಂದೆ ಕೂಡಿಸಿಯೇ ಬಗೆಹರಿಸಿದ್ದ. ಇಂಥ ಮನುಷ್ಯ ಒಂದು ದಿನ ತಾನೇ ಬಡಿಸಿದ ಊಟಕ್ಕೆ ನಾಚಿ, ಪರರ ಪಡಸಾಲೆಯಲ್ಲಿ ತುತ್ತು ನುಂಗಲಾರದೆ ಕುಳಿತ.

ಅವನಿಗೆ ಒಬ್ಬಳೇ ಮಗಳು, ದೀಪಾಲಿ. ಸೋಲಾಪುರದ ಹಾಸ್ಟೆಲಿನಲ್ಲಿದ್ದು ಹನ್ನೆರಡನೆಯ ಇಯತ್ತೆ ಓದುತ್ತಿದ್ದಳು. ಅವಳು ಚಡ್ಡಿ ಹಾಕಿಕೊಂಡು ಫುಟ್‌ಬಾಲ್ ಆಡುತ್ತಾಳೆಂದು ಯಾರೋ ಕಿವಿಗೆ ಹಾಕಿದಾಗ ಸಾತಲಿಂಗಪ್ಪ ಎರಡು ದಿನ ಕಟ್ಟೆಗೆ ಹೋಗಿರಲಿಲ್ಲ. ಕಡೆಗೆ ಬೈಯಲೆಂದೇ ಸೋಲಾಪುರಕ್ಕೆ ಹೋದ. ಮೈದಾನದಲ್ಲಿ ಮಗಳು ಹಗ್ಗ ಹರಿದುಕೊಂಡ ಹೋರಿಯ ಹಾಗೆ ನಾಲ್ವರ ನಡುವಿನಿಂದ ಚೆಂಡು ಒಯ್ದದ್ದನ್ನು ಕಂಡ. ಬೈಗುಳ ಗಂಟಲಲ್ಲೇ ಉಳಿಯಿತು. ಅಂದಿನಿಂದ ಅಕ್ಕಲಕೋಟೆಯ ಎಸ್‌ಟಿ ಬಸ್ಸಿನಲ್ಲಿ ಅವನ ಪಕ್ಕ ಕೂತವರಿಗೆ ಫುಟ್‌ಬಾಲಿನ ಕಥೆ ಕೇಳದೆ ಬಿಡುಗಡೆಯಿರಲಿಲ್ಲ.

ಆಟ ಕಲಿಸುವ ಅಮೋಲ ಸರ್ ಒಮ್ಮೆ ಅವನನ್ನು ಕೂಡಿಸಿಕೊಂಡು ಹೇಳಿದರು:

"ಕಾಕಾ, ಅಮೆರಿಕಾದಾಗ ಕಾಲೇಜಿನವರು ಆಟ ನೋಡಿ ಕರಕೋತಾರ. ಪರದೇಶದ ಹುಡುಗ್ಯಾರಿಗೂ ಸ್ಕಾಲರ್‌ಶಿಪ್ ಕೊಡ್ತಾರ. ಫೀ, ಇರೋದು, ಉಣ್ಣೋದು ಬಹಳಷ್ಟು ಅವರಽ ನೋಡಕೋತಾರ. ಇಂಗ್ಲಿಷ್ ಪರೀಕ್ಷಾದಾಗ ಈಕಿ ಪಾಸ್ ಆಗ್ಯಾಳ. ಎಷ್ಟೋ ಕೋಚ್‌ಗೋಳಿಗಿ ಬರದಾಳ. ಒಬ್ಬಾಕಿ ಮೇಡಂ ಉತ್ತರ ಕೊಟ್ಟಾಳ. ಒಂದು ಮ್ಯಾಚಿನ ವಿಡಿಯೊ ಬೇಕಂತ. ಕತ್ತರಿ ಹಾಕಿದ್ದಲ್ಲ, ಪೂರಾ ಮ್ಯಾಚ್."

"ಗೋಲು ಎಷ್ಟ ಹೊಡೀಬೇಕ್ರಿ ಸರ್?"

"ಗೋಲಿಗಿಂತ ಆಟ ನೋಡ್ತಾರ ಕಾಕಾ."

ಸಾತಲಿಂಗಪ್ಪನ ಕಿವಿಯಲ್ಲಿ ಉಳಿದದ್ದು ಗೋಲೊಂದೇ.

ವಿಡಿಯೊ ತೆಗೆಯಬೇಕಾದ ಮ್ಯಾಚು ಬೋರಾಮಣಿ ಕಡೆಯ ಹುಡುಗಿಯರ ಜೊತೆ ಗೊತ್ತಾಯಿತು. ರಜೆಗೆ ಬಂದ ದೀಪಾಲಿ ಒಲೆಯ ಮುಂದೆ ಕೂತು ಗೊಣಗಿದಳು. "ಅವರ ಛಾಯಾ ಗೋಲಿನಾಗ ನಿಂತಳಂದ್ರ ಸೊಳ್ಳಿನೂ ಒಳಗ ಹೋಗಂಗಿಲ್ಲ, ಅಪ್ಪಾ. ಅದರಾಗ ಜಿಲ್ಲಾ ಟೀಮಿಗಿ ಹುಡುಗ್ಯಾರನ್ನ ಆರಿಸಾವರು ಅದಽ ಮ್ಯಾಚ್ ನೋಡಾಕ ಬರ್ತಾರ. ಆಕಿ ಜೀವ ಬಿಟ್ಟು ಆಡ್ತಾಳ."

ಅಪ್ಪ ಹೂಂ ಅಂದ. ಮಗಳು ಹೇಳಿದ ಮೊದಲ ಮಾತು ಒಳಗೆ ಇಳಿಯಿತು, ಎರಡನೆಯದು ಇನ್ನೊಂದು ಕಿವಿಯಿಂದ ಹೊರಟುಹೋಯಿತು.

ಅದು ಸೀತನಿಯ ಕಾಲ. ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ತಿನ್ನುವ ದಿನಗಳು. ದೀಪಾಲಿ ಹಾಸ್ಟೆಲಿಗೆ ತಿರುಗಿ ಹೋದ ಮೇಲೆ ಸಾತಲಿಂಗಪ್ಪ ಜೀಪು ಕಳಿಸಿ ಬೋರಾಮಣಿಯ ಇಡೀ ಟೀಮನ್ನು ಹೊಲಕ್ಕೆ ಕರೆಸಿದ. ಹುಡುಗಿಯರು ಬದುವಿನ ಮೇಲೆ ಸಾಲಾಗಿ ಕೂತರು. ಅವನು ತಿಕ್ಕಿ ತಿಕ್ಕಿ ಹಾಕಿದ, ಅವರು ಬೇಡವೆಂದರೂ ಹಾಕಿದ.

"ಕಾಕಾ, ಸಾಕ್ರಿ. ಇಷ್ಟು ತಿಂದ್ರ ಓಡೋದ ಹ್ಯಾಂಗ?" ಅಂದಳು ಛಾಯಾ. ಉದ್ದ ಕೈಗಳ, ಕಪ್ಪು ಬಣ್ಣದ, ಮಾತು ಕಡಿಮೆಯ ಹುಡುಗಿ.

"ನೀ ಓಡಾಕಿ ಅಲ್ಲಲ್ಲವ್ವಾ, ನಿಂದ್ರಾಕಿ. ತಿನ್ನು."

ಎಲ್ಲರೂ ನಕ್ಕರು. ಹೊರಡುವಾಗ, ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಹೆಂಡತಿ ಲೀಲಾಬಾಯಿ ಕುಂಕುಮ ಹಚ್ಚಿ ಉಡಿ ತುಂಬಿದಳು. ಸೆರಗಿಲ್ಲದ ಹುಡುಗಿಯರು ಟೀ ಶರ್ಟಿನ ಅಂಚು ಹಿಡಿದು ಒಡ್ಡಿದರು. ತೆಂಗಿನಕಾಯಿ, ಬೆಲ್ಲ, ಒಂದೊಂದು ಹಿಡಿ ತೆನೆ. ನಮ್ಮ ಸೀಮೆಯಲ್ಲಿ ಉಡಿ ತುಂಬಿಸಿಕೊಂಡ ಹೆಣ್ಣು ಆ ಮನೆಯ ಮಗಳಾದಂತೆ. ಅದನ್ನು ತಿಳಿದೇ ಸಾತಲಿಂಗಪ್ಪ ಛಾಯಾನ ಮುಂದೆ ನಿಂತು ಮೆತ್ತಗೆ ಅಂದ:

"ನೀ ಈಗ ಈ ಮನಿ ಮಗಳಾದಿ. ದೀಪಾಲಿ ನಿನ್ನ ತಂಗಿ. ಆಕಿ ವಿಡಿಯೊ ಅಮೆರಿಕಾಕ ಹೊಂಟದ. ತಂಗಿನ್ನ ನೋಡಕೋಬೇಕವ್ವಾ."

ಛಾಯಾ ಉಡಿಯನ್ನು ನೋಡಿದಳು, ಅವನನ್ನು ನೋಡಿದಳು. ಹೋಗಿ ಜೀಪು ಹತ್ತಿದಳು.

ಮ್ಯಾಚಿನ ದಿನ ಸಾತಲಿಂಗಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ತಂತಿಬೇಲಿಯ ಹತ್ತಿರ ನಿಂತ. ದೀಪಾಲಿ ಒದ್ದ ಮೊದಲ ಚೆಂಡು ಛಾಯಾನ ಕೈಯಡಿಯಿಂದ ಒಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಛಾಯಾ ಚೆಂಡು ಬಂದ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ಬಿದ್ದಳು. ಅಪ್ಪ ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಗೆ ಮಾಡಿಕೊಂಡ.

ಆಗ ದೀಪಾಲಿ ಛಾಯಾನ ಹತ್ತಿರ ಹೋಗಿ ಏನೋ ಕೇಳಿದಳು. ಛಾಯಾ ಬೇಲಿಯ ಹತ್ತಿರ ನಿಂತಿದ್ದ ಸಾತಲಿಂಗಪ್ಪನ ಕಡೆಗೆ ನೋಡಿದಳು. ಅಲ್ಲಿಂದ ಮುಂದೆ ದೀಪಾಲಿ ಗೋಲಿನ ಕಡೆಗೆ ಚೆಂಡು ಒದೆಯಲೇ ಇಲ್ಲ. ಎದುರಿಗೆ ಬಾಗಿಲು ತೆರೆದಿದ್ದರೂ ಹಿಂದಕ್ಕೆ ತನ್ನವರಿಗೇ ಕೊಟ್ಟಳು.

"ಹೊಡಿಯವ್ವಾ, ಹೊಡಿ," ಎಂದು ಅಪ್ಪ ಕೂಗಿದ. ಮಗಳು ತಿರುಗಿ ನೋಡಿದಳು. ಆ ನೋಟ ಕಂಡು ಅವನ ಕೈ ತಾನಾಗಿ ಕೆಳಗಿಳಿಯಿತು.

ಆಟ ಮುಗಿದ ಮೇಲೆ ಬಂದು ಕೇಳಿದಳು. "ಅವರನ್ನ ಹೊಲಕ್ಕ ಕರದಿದ್ದೇನಪ್ಪಾ?"

"ಕರದಿದ್ದೆ. ಸೀತನಿ ದಿನ ಅಲ್ಲೇನು."

"ಛಾಯಾಗ ಏನಂದಿ?"

"ಏನ್ ಅಂದೆ? ತಂಗಿ ಅಂತ ನೋಡಕೋ ಅಂದೆ. ತಪ್ಪೇನದ?"

"ಸಣ್ಣಾಕಿ ಇದ್ದಾಗ ನನ್ನ ಕುಸ್ತಿ ನೋಡಾಕ ಕರಕೊಂಡು ಹೋಗ್ತಿದ್ದಿ. ಮೊದಲಽ ಮಾತಾಡ್ಕೊಂಡು ಬಂದು ಒಬ್ಬ ಬೇಕಂತ ಬಿದ್ದಾಗ ನೀ ಏನ್ ಮಾಡಿದ್ದಿ?"

ಸಾತಲಿಂಗಪ್ಪನಿಗೆ ನೆನಪಿತ್ತು. ಅಂಥ ಸುಳ್ಳು ಕುಸ್ತಿಗೆ ಸಿಟ್ಟಾಗಿ ಅವನು ತನ್ನ ಕಾಲಿನ ಚಪ್ಪಲಿ ಬಿಚ್ಚಿ ಕಣಕ್ಕೆ ಎಸೆದಿದ್ದ, ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡೇ.

"ಈ ವಿಡಿಯೊ ನಾ ಕಳಸಂಗಿಲ್ಲ," ಅಂದಳು. "ನನ್ನದು ಹಾಳಾಗ್ಲಿ. ಛಾಯಾನ್ನ ಜಿಲ್ಲಾ ಟೀಮಿಗಿ ತಗೊಳ್ಳಿಲ್ಲ. ಈಗಽ ಹೇಳಿದ್ರು. ಗೋಲಿನಾಗ ನಿಂದ್ರಾಕ ಬರಂಗಿಲ್ಲಂತ ಆಕಿಗಿ."

ಸಾತಲಿಂಗಪ್ಪನಿಗೆ ಕಾಲಡಿಯ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆ ಹುಡುಗಿಗೂ ಒಂದು ದಾರಿ ಇದ್ದೀತೆಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಮಗಳು ಅಂತ ಕರೆದ ಬಾಯಿಯಿಂದಲೇ ಅವಳ ದಾರಿಗೆ ಮುಳ್ಳು ಹಾಸಿದ್ದ.

ಮರುದಿನ ಬೋರಾಮಣಿಗೆ, ಛಾಯಾನ ಮನೆಗೆ ಹೋದ. ತಪ್ಪಾಯಿತೆನ್ನುವ ಮಾತನ್ನು ಬಸ್ಸಿನುದ್ದಕ್ಕೂ ಹೊಂದಿಸಿಕೊಂಡಿದ್ದ. ಛಾಯಾ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಅವಳ ಅಜ್ಜಿ ಪಾರ್ವತಿಬಾಯಿ ಚಾಪೆ ಹಾಸಿ, ಅವನು ಬಾಯಿ ತೆರೆಯುವ ಮೊದಲೇ ರೊಟ್ಟಿ, ಝುಣಕ ತಂದಿಟ್ಟಳು.

"ಉಣ್ರಿ. ನೀವು ಉಡಿ ತುಂಬಿ ಕಳಿಸಿದ ಕಾಯಿ ನೋಡ್ರಿ, ದೇವರ ಮುಂದ ಇಟ್ಟೀನಿ. ತಾಯಿ ಇಲ್ಲದ ಹುಡುಗಿ. ಆಕಿಗಿ ಯಾರು ಉಡಿ ತುಂಬ್ಯಾರ?"

"ಆಯೀ, ನನ್ನಿಂದ ತಪ್ಪಾಗ್ಯದ."

"ನಿಮ್ಮದೇನು ತಪ್ಪು? ಹ್ಯಾಂಗ ಆಡ್ಲಿ ಅಂತ ಆಕಿ ನನ್ನ ಕೇಳಿದ್ಲು. ನಾನಽ ಹೇಳಿನ್ರಿ, ಉಡಿ ತುಂಬಿದ ಮನಿಗಿ ಎದರ ನಿಂದ್ರಬಾರದು ಅಂತ."

ಬೈದಿದ್ದರೆ ಬದುಕುತ್ತಿದ್ದ. ಮುದುಕಿ ಬೈಯಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು. ಅವನದೇ ಶಾಸ್ತ್ರ, ಅವನದೇ ಉಪ್ಪು, ಈಗ ಅವನ ಗಂಟಲಿಗೇ ಅಡ್ಡ ನಿಂತಿತ್ತು. ನೀರು ಕುಡಿದು ಕುಡಿದು ನುಂಗಿದ. ಗಂಗಾಳದಲ್ಲಿ ಬಿಟ್ಟು ಏಳುವ ಹಾಗೂ ಇರಲಿಲ್ಲ.

ಅಲ್ಲಿಂದ ನೆಟ್ಟಗೆ ಸೋಲಾಪುರದ ಮೈದಾನಕ್ಕೆ ಬಂದ. ಜಿಲ್ಲಾ ಟೀಮು ಆರಿಸುವವರು, ಅಮೋಲ ಸರ್, ಆಡುತ್ತಿದ್ದ ಹುಡುಗಿಯರು, ಎಲ್ಲರ ಎದುರಿಗೆ ಪಟಗ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಊರಲ್ಲಿ ಅವನ ಬರಿ ತಲೆ ಕಂಡವರಿರಲಿಲ್ಲ.

"ಆ ಗೋಲು ಛಾಯಾ ಬಿಟ್ಟದ್ದಲ್ರಿ. ನಾ ಬಿಡಿಸಿದ್ದು. ಉಣಿಸಿ, ಉಡಿ ತುಂಬಿ ಬಿಡಿಸಿದ್ದು. ಆಕಿಗಿ ಶಿಕ್ಷಾ ಮಾಡಬ್ಯಾಡ್ರಿ."

ಆರಿಸುವವರಲ್ಲಿ ಒಬ್ಬ ನಕ್ಕ. ಇನ್ನೊಬ್ಬ ಹಿರಿಯ ನಗಲಿಲ್ಲ. "ಈ ವರ್ಷದ ಟೀಮ್ ಆಗಿಹೋಗ್ಯದ ಕಾಕಾ. ಅದು ಬದಲಾಗಂಗಿಲ್ಲ. ಇನ್ನೊಂದು ಮ್ಯಾಚ್ ಇಡ್ರಿ, ನಾವೂ ಬರ್ತೀವಿ. ಮುಂದಿನ ವರ್ಷಕ್ಕ ಆಕಿನ್ನ ನೋಡಿಟ್ಟಂಗ ಆಗ್ತದ."

ಮ್ಯಾಚು ಮತ್ತೆ ನಡೆಯಿತು. ಸಾತಲಿಂಗಪ್ಪ ದೂರದ ಬೇವಿನ ಗಿಡದ ಕೆಳಗೆ ನಿಂತ, ಬೇಲಿಯ ಹತ್ತಿರ ಹೋಗಲಿಲ್ಲ. ದೀಪಾಲಿ ಬೆವರು ಹರಿಸಿದಳು, ಬಿದ್ದಳು, ಎದ್ದಳು, ಒದ್ದಳು. ಒಂದೂ ಒಳಗೆ ಹೋಗಲಿಲ್ಲ. ಛಾಯಾ ಹದ್ದಿನ ಹಾಗೆ ಹಾರಿ ಎಲ್ಲವನ್ನೂ ಬಾಚಿಕೊಂಡಳು. ದೀಪಾಲಿಯ ಕಡೆಯವರು ಸೋತರು. ಆ ಸೋತ ಆಟವೇ, ಮೊದಲ ಮ್ಯಾಚು ಯಾಕೆ ಕೆಟ್ಟಿತೆಂದು ದೀಪಾಲಿ ಬರೆದ ಪತ್ರದ ಜೊತೆ, ಅಮೆರಿಕಾಕ್ಕೆ ಹೋಯಿತು.

ಹೋಗುವಾಗ ಛಾಯಾ ಗಿಡದ ಹತ್ತಿರ ಬಂದಳು.

"ಏನ್ ಕಾಕಾ, ಇವತ್ತ ಬರೇ ಕೈಲೆ ಬಂದೀರಿ?"

ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ. "ಬರೇ ಕೈಲೆ ಬಂದೀನವ್ವಾ."

"ಚಲೊ ಮಾಡಿದ್ರಿ," ಅಂದು ಹೋದಳು. ನಕ್ಕಳೋ ಇಲ್ಲವೋ, ಅವನು ತಲೆ ಎತ್ತಿ ನೋಡಲಿಲ್ಲ.

ಅಮೆರಿಕಾದ ಕೋಚ್ ಮೇಡಂ ಕೊಟ್ಟ ಉತ್ತರವನ್ನು ದೀಪಾಲಿ ಕನ್ನಡದಲ್ಲಿ ಓದಿ ಹೇಳಿದಳು. ವಿಡಿಯೊ ಬರುವುದರೊಳಗೆ ಈ ವರ್ಷದ ಜಾಗ ಬೇರೆಯವಳಿಗೆ ಹೋಗಿದೆ. ಸೋಲುತ್ತಿದ್ದಾಗಲೂ ನೀನು ಕಾಲು ನಿಲ್ಲಿಸಲಿಲ್ಲ, ಅದು ಹಿಡಿಸಿತು. ಮುಂದಿನ ವರ್ಷ ಮತ್ತೆ ಬರೆ. ಓದಿ ಮುಗಿಸಿ ಮೊಬೈಲು ಕೆಳಗಿಟ್ಟಳು. ನಿನ್ನಿಂದಲೇ ಆಯಿತು ಅಂತ ಅಂದಾಳೆಂದು ಅಪ್ಪ ಕಾದ. ಅವಳು ಬೂಟಿನ ಮಣ್ಣು ಕೆರೆಯುತ್ತ ಕೂತಳು.

ಸಾತಲಿಂಗಪ್ಪನ ಹೊಲಕ್ಕೆ ಹೋದವರು ಇವತ್ತಿಗೂ ಹಸಿದು ಬರುವುದಿಲ್ಲ. ಆದರೆ ಬಡಿಸುವಾಗ ಅವನು ಈಗ ಮಾತಾಡುವುದಿಲ್ಲ. ಬಂದವರು ಉಂಡು, ಕೈ ತೊಳೆದು, ಹಾದಿ ಹಿಡಿಯುವವರೆಗೂ ಬಾಯಿ ಕಟ್ಟಿಕೊಂಡೇ ಇರುತ್ತಾನೆ.