ಬೆಲ್ಟಿಗೆ ಎಣ್ಣೆಸ್ನಾನ

ಹೋದ ತಿಂಗಳು ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ರಬ್ಬರ್ ಬೆಲ್ಟನ್ನು ಸೀಗೆಪುಡಿ ಹಾಕಿ ಮೀಯಿಸಿದೆವು.

ತಮಾಷೆ ಅಲ್ಲ. ಹಂಡೆಯ ಬಿಸಿನೀರು, ಸೀಗೆಪುಡಿ, ತಿಕ್ಕಲು ತೆಂಗಿನ ನಾರು, ಎಲ್ಲವೂ ಕ್ರಮಪ್ರಕಾರ. ಮೀಯಿಸಿದ್ದು ನನ್ನ ಅತ್ತೆ. ನೀರು ಹೊಯ್ದದ್ದು ನಾನು. ಬಾಗಿಲಲ್ಲಿ ನಿಂತು ಬೆವರಿದ್ದು ನನ್ನ ಗಂಡ ರಾಘು ಮತ್ತು ನಮ್ಮೂರ ಹೈಸ್ಕೂಲಿನ ಪಿ.ಟಿ. ಮಾಸ್ತರು ಭಾಸ್ಕರ.

ಮದುವೆಯಾಗಿ ಈ ನಾವುಂದದ ಕಡೆಗೆ ಬಂದ ಮೇಲೆ ಬೇಕಾದಷ್ಟು ವಿಚಿತ್ರ ಕಂಡಿದ್ದೇನೆ. ಆದರೆ ಇದನ್ನು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮೊದಲಿನಿಂದಲೇ ಹೇಳುತ್ತೇನೆ.

ನಮ್ಮೂರ ಶಾಲೆಗೆ ದೊಡ್ಡ ಮೈದಾನ ಇದೆ. ಬೇಸಿಗೆಯಲ್ಲಿ ಮೈದಾನ, ಮಳೆಗಾಲದಲ್ಲಿ ಹುಲ್ಲಿನ ಕಾಡು. ವಲಯ ಮಟ್ಟದ ಕ್ರೀಡಾಕೂಟ ಬರುವುದು ಸರಿಯಾಗಿ ಹುಲ್ಲು ಮೊಣಕಾಲು ಮುಟ್ಟುವ ಹೊತ್ತಿಗೆ. ಪ್ರತಿ ವರ್ಷ ಭಾಸ್ಕರ ಮಾಸ್ತರು "ಈ ಸಲ ನಮ್ಮಲ್ಲಿ ಮಾಡಿ" ಎಂದು ಅರ್ಜಿ ಹಾಕುತ್ತಾರೆ. ಮೈದಾನ ನೋಡಲು ಬಂದವರು ಪ್ಯಾಂಟನ್ನು ಎತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆ. "ಮುಂದಿನ ವರ್ಷ ನೋಡೋಣ ಮಾಸ್ಟ್ರೇ" ಎಂದು ಚಹಾ ಕುಡಿದು ಹೋಗುತ್ತಾರೆ. ಈ ಸಲ ಮಾತ್ರ ಮಾಸ್ತರಿಗೆ ಮುಂದಿನ ವರ್ಷ ಎನ್ನುವುದು ಇರಲಿಲ್ಲ. ಬರುವ ಬೇಸಿಗೆಗೆ ಅವರು ರಿಟೈರ್.

ಕತ್ತಿಯಲ್ಲಿ ಕೊಯ್ಯಬಹುದಿತ್ತಲ್ಲ ಎನ್ನುತ್ತೀರಾ? ಯಾರು ಕೊಯ್ಯುವುದು, ಸ್ವಾಮಿ? ಹಿಂದೆಯಾದರೆ ಮಕ್ಕಳನ್ನೇ ಸಾಲಾಗಿ ಕೂರಿಸುತ್ತಿದ್ದರು. ಈಗ ಮಕ್ಕಳ ಕೈಗೆ ಕತ್ತಿ ಕೊಟ್ಟರೆ ಮಾಸ್ತರ ಕೈಗೆ ನೋಟೀಸು. ಹುಲ್ಲು ಕೊಯ್ದು ಹೊರೆ ಕಟ್ಟಿ ಒಯ್ಯುತ್ತಿದ್ದವರ ಮನೆಗಳಲ್ಲಿ ಈಗ ದನವೇ ಇಲ್ಲ. ಹೆಗಲಿಗೆ ಮಿಷನ್ ಹಾಕಿಕೊಂಡು ಕತ್ತರಿಸುವವರನ್ನು ಕರೆದರೆ ಅವರಿಗೆ ದೀಪಾವಳಿಯವರೆಗೆ ಪುರುಸೊತ್ತಿಲ್ಲ.

ಅದಕ್ಕೇ ಮುಂಬೈಯಿಂದ ಈ ಯಂತ್ರ ಬಂದದ್ದು. ರಾಘುವಿನ ಕ್ಲಾಸ್‌ಮೇಟ್ ಶೇಖರ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಕ್ಯಾಂಟೀನ್ ನಡೆಸುತ್ತಾನೆ. ಹಳೆಯದಾಯಿತೆಂದು ಕ್ಲಬ್ಬಿನವರು ತೆಗೆದುಹಾಕಿದ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು ತಾನು ಕಲಿತ ಶಾಲೆಗೆಂದು ಲಾರಿ ಹತ್ತಿಸಿ ಕಳಿಸಿದ. (ಮೀನು ಇಳಿಸಿ ಖಾಲಿ ಬರುವ ಲಾರಿ. ಯಂತ್ರ ಬಂದ ಮೇಲೆ ಒಂದು ವಾರ ಊರಿನ ಬೆಕ್ಕುಗಳೆಲ್ಲ ಅದರ ಸುತ್ತಲೇ ಇದ್ದವು.)

ಸೀಟು ಇದೆ, ಸ್ಟಿಯರಿಂಗ್ ಇದೆ, ಹೊಟ್ಟೆಯ ಕೆಳಗೆ ಗಿರ್ರನೆ ತಿರುಗುವ ಅಲಗು ಇದೆ. ಎಂಜಿನ್ನಿನ ಶಕ್ತಿಯನ್ನು ಅಲಗಿಗೆ ಮುಟ್ಟಿಸಲು ಉದ್ದನೆಯ ಒಂದು ಬೆಲ್ಟು. ಬೇಸಿಗೆಯಲ್ಲಿ ಓಡಿಸಿ ನೋಡಿದಾಗ ಚೆನ್ನಾಗಿಯೇ ಓಡಿತ್ತು. ಶಾಲೆಯಲ್ಲಿ ಸೋರದ ಜಾಗವಿಲ್ಲವೆಂದು ಮಳೆಗಾಲ ಕಳೆಯಲು ದನವಿಲ್ಲದೆ ಖಾಲಿ ಬಿದ್ದಿದ್ದ ನಮ್ಮ ಹಟ್ಟಿಗೆ ಬಂದು ನಿಂತಿತು. ಹಳೆ ವಿದ್ಯಾರ್ಥಿ ಸಂಘಕ್ಕೆ ರಾಘುವೇ ಅಧ್ಯಕ್ಷ. ನನ್ನನ್ನು ಯಾರು ಕೇಳುತ್ತಾರೆ?

ಅಂತೂ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಸೋಮವಾರ ಮೈದಾನ ನೋಡಲು ಬರುತ್ತೇವೆ ಎಂದು ಫೋನು ಬಂತು. ಶುಕ್ರವಾರ ಬೆಳಿಗ್ಗೆ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಯಂತ್ರದ ಮೇಲೆ ಕುಳಿತರು. ಎಂಜಿನ್ ಹೊತ್ತಿತು. ಮೈದಾನಕ್ಕೆ ಹೋದರು. ಅಲಗು ತಿರುಗಿಸುವ ಲಿವರ್ ಎಳೆದರು.

ಕೀಂಯ್ ಎಂದು ಒಂದು ಕಿರುಚಾಟ! ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ಯಂತ್ರ ಮುಂದೆ ಹೋದ ಹಾಗೆ ಹುಲ್ಲು ಮಲಗಿತು. ಯಂತ್ರ ದಾಟಿ ಹೋದ ಮೇಲೆ ಮೆಲ್ಲಗೆ ಎದ್ದು ನಿಂತಿತು. ಒಂದು ಕಡ್ಡಿಯೂ ತುಂಡಾಗಿರಲಿಲ್ಲ.

ರಾಘು ನಾಗೇಶನನ್ನು ಕರೆತಂದರು. ನಾಗೇಶ ದೋಣಿ ಎಂಜಿನ್ನುಗಳ ಮೆಕ್ಯಾನಿಕ್. ಸಮುದ್ರದ ಮಧ್ಯೆ ಕೆಟ್ಟು ನಿಂತ ಎಂಜಿನ್ನನ್ನೇ ಎಬ್ಬಿಸಿದವನು. ಇದು ಯಾವ ಲೆಕ್ಕ? ಕಿವಿಗೊಟ್ಟು ಕೇಳಿದ.

"ಹ್ವಾಯ್ ಮಾಷ್ಟ್ರೇ, ಇದ್ ಕಿರ್ಚುದ್ ಕೇಂಡ್ರಾ? ಎಣ್ಣಿ ಸಾಲ್ದ್ ಅಂತ ಕೂಗುದ್ ಅದ್" ಎಂದ.

ಸರಿ, ಎಣ್ಣೆ ಬಿತ್ತು. ಬೆಲ್ಟು ಸುತ್ತುವ ಗಾಲಿಗಳಿಗೆಲ್ಲ ಧಾರಾಳವಾಗಿ ಬಿತ್ತು. ಮತ್ತೆ ಸ್ಟಾರ್ಟ್ ಮಾಡಿದರು.

"ಕಾಣಿ, ಶಬ್ದ ನಿಂತ್ತ್!" ಎಂದು ನಾಗೇಶ ಕೈ ಒರೆಸಿಕೊಂಡ.

ಶಬ್ದ ನಿಂತದ್ದು ನಿಜ. ಅಲಗೂ ನಿಂತಿತ್ತು. ಮೊದಲು ಕಿರುಚಿಕೊಂಡಾದರೂ ಅಷ್ಟಿಷ್ಟು ತಿರುಗುತ್ತಿದ್ದದ್ದು ಈಗ ಸದ್ದಿಲ್ಲದೆ ಸುಮ್ಮನಾಯಿತು.

ಯಂತ್ರವನ್ನು ನಮ್ಮ ಹಟ್ಟಿಗೆ ವಾಪಸು ಓಡಿಸಿ ತಂದ ಮೇಲೆ ಶುರುವಾಯಿತು ತನಿಖೆ. ಹೊಟ್ಟೆಯ ಕೆಳಗೆ ಹುಲ್ಲು ಸಿಕ್ಕಿಕೊಂಡಿದೆಯಾ? ಇಲ್ಲ. ಬೆಲ್ಟನ್ನು ಎಳೆದು ಹಿಡಿಯುವ ಸ್ಪ್ರಿಂಗ್ ಸಡಿಲವಾಗಿದೆಯಾ? ನಾಗೇಶ ಅದನ್ನು ಬಿಗಿ ಮಾಡಿದ. ಬೆಲ್ಟು ಹಾರಿ ಹೊರಗೆ ಬಿತ್ತು. ತಿರುಗಿ ಹಾಕಿದ. ಒಂದು ಗಾಲಿಯ ಹೊರಗಿನಿಂದ ಹೋಗಬೇಕಾದದ್ದು ಒಳಗಿನಿಂದ ಹೋಗಿತ್ತು. ಅದನ್ನು ಬಿಚ್ಚಿ ಸರಿ ಮಾಡಿದ. ಉಹುಂ. ಕೊನೆಗೆ ತೀರ್ಪು ಬಂತು: "ಬೆಲ್ಟ್ ಎಳ್ದ್ ಹೋಯ್ತ್. ಹೊಸ್ತ್ ಹಾಕ್ಕ್."

ಶನಿವಾರ ರಾಘು ಹಳೇ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತಿದರು. ಅಂಗಡಿ ಅಂಗಡಿ ತಿರುಗಿ, "ಯಾವ ರೈಸ್ ಮಿಲ್ಲಿಂದ್ ಮಾರಾಯ್ರೆ ಇದ್?" ಎಂದು ಕೇಳಿಸಿಕೊಂಡು, ಅಷ್ಟೇ ಉದ್ದದ, ಅಷ್ಟೇ ಅಗಲದ ಹೊಸ ಬೆಲ್ಟು ತಂದರು. ನಮ್ಮ ಜಗಲಿಯಲ್ಲಿಟ್ಟು ಊಟ ಮಾಡಿದರು. ಸಂಜೆ ನಾಗೇಶ ಹಾಕಿದ.

ಅದೂ ಜಾರಿತು!

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ ನೋಡುತ್ತೇನೆ, ಮೈದಾನದ ಮೂಲೆಯಲ್ಲಿ ಮಾಸ್ತರು ಒಬ್ಬರೇ ಕುಕ್ಕರುಗಾಲಲ್ಲಿ ಕುಳಿತು ಕತ್ತಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಾರೆ. ಅವರು ಕೊಯ್ದದ್ದು ಒಂದು ಚಾಪೆ ಹಾಸುವಷ್ಟು ಜಾಗ. ಉಳಿದದ್ದು ಕಣ್ಣು ಹಾಯಿಸಿದಷ್ಟು ದೂರ. ನನ್ನನ್ನು ಕಂಡು ನಕ್ಕರು. "ಸುಮ್ನೆ ಕೂಕಂಬ್ದ್ ಎಂತಕ್ ಅಂತ" ಎಂದರು.

ನನಗೆ ಸಿಟ್ಟು ಬಂತು. ಮಾಸ್ತರ ಮೇಲಲ್ಲ, ಮನೆಯಲ್ಲಿ ಯಂತ್ರದ ಸುತ್ತ ಕುಳಿತು ಮೂರನೇ ಚಹಾ ಕುಡಿಯುತ್ತಿದ್ದ ಗಂಡಸರ ಮೇಲೆ. ಕಳಿಸಿದವನನ್ನೇ ಒಂದು ಮಾತು ಕೇಳಬಾರದಾ? ಕೇಳಿದರೆ ಅಧ್ಯಕ್ಷರ ಮರ್ಯಾದೆ ಹೋಗುತ್ತದಂತೆ! ನಾನೇ ಶೇಖರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮಾಸ್ತರನ್ನೂ ಕರೆಸಿದೆ. ಅತ್ತೆ ಅಕ್ಕಿ ಆರಿಸುತ್ತಾ ಬಾಗಿಲಲ್ಲಿ ಕುಳಿತಿದ್ದರು.

ಶೇಖರ ಡಾಕ್ಟರ ಹಾಗೆ ಒಂದೊಂದೇ ಕೇಳಿದ. ಸ್ಪ್ರಿಂಗ್ ಎಳೀತಾ? ಎಳೀತ್. ಗಾಲಿ ಎಲ್ಲ ಕೈಯಂಗೆ ತಿರ್ಗತ್ತಾ? ತಿರ್ಗತ್ತ್. ಬೆಲ್ಟ್ ಸಮಾ ದಾರಿಯಂಗೇ ಹೋಯ್ತಾ? ಹೋಯ್ತ್.

"ಬೆಲ್ಟ್ ಒಣ್ಕಂಡಿತ್ತಾ?"

"ಒಣ್ಗುಕೆ ನಾನ್ ಬಿಡ್ತ್ನಾ?" ಎಂದರು ಬಾಗಿಲಿನಿಂದ ಅತ್ತೆ. "ಮಳ್ಗಾಲಕ್ಕ್ ಮುಂಚೆಯೇ ಲಾಯ್ಕ್ ಮಾಡಿ ಎಣ್ಣಿ ಹಚ್ಚಿದ್ದೆ. ನಿನ್ನೆ ಇವ ತಂದ್ ಹೊಸತ್ಕೂ ಹಚ್ಚಿದ್ದೆ."

"ಬೆಲ್ಟಿಗಾ?" ಎಂದ ಶೇಖರ.

"ನಾನೂ ಹಾಕಿದ್ದೆ ಅಲ್ದಾ" ಎಂದ ನಾಗೇಶ.

"ಒಂದ್ ಚೂರ್ ನಾನೂ..." ಎಂದರು ರಾಘು. ಅದು ನನಗೂ ಗೊತ್ತಿರಲಿಲ್ಲ. ಎಲ್ಲರೂ ಮಾಸ್ತರ ಕಡೆ ನೋಡಿದರು. ಅವರು ಮೆಲ್ಲಗೆ ಹೇಳಿದರು, "ಶುಕ್ರವಾರ ಹೊರಡುಕ್ ಮುಂಚೆ, ಶಕುನಕ್ಕ್ ಅಂತ, ನಾಕ್ ಹನಿ."

ಶೇಖರ ನಗಲಿಲ್ಲ. ಬುದ್ಧಿವಂತ. ಅತ್ತೆಯನ್ನೇ ಕೇಳಿದ.

"ಅಮ್ಮಾ, ನಿಮ್ಮನೆ ಗ್ರೈಂಡರಿಗೂ ಬೆಲ್ಟ್ ಇತ್ತಲ್ದಾ? ಅದ್ಕೆ ಎಣ್ಣಿ ಹಾಕ್ತ್ರ್ಯಾ?"

"ಮರ್ಲಾ ನಿಂಗೆ? ಬೆಲ್ಟಿಗ್ ಎಣ್ಣಿ ಬಿದ್ರೆ ಕಲ್ಲ್ ತಿರ್ಗತ್ತಾ?" ಎಂದರು. ಮೊರದಲ್ಲಿ ಆಡುತ್ತಿದ್ದ ಕೈ ಅಲ್ಲಿಗೇ ನಿಂತಿತು.

ನೀವು ನಗಬೇಡಿ. ಕಡಲ ಬದಿಯಲ್ಲಿ ಸಂಸಾರ ಮಾಡಿ ನೋಡಿ, ಗೊತ್ತಾಗುತ್ತದೆ. ಇಲ್ಲಿನ ಉಪ್ಪುಗಾಳಿಗೆ ಹೊಸ ಬೀಗ ಒಂದೇ ಮಳೆಗಾಲದಲ್ಲಿ ಮುದುಕನಾಗುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲು ಅತ್ತೆ ಒಂದು ಗಿಂಡಿಯಲ್ಲಿ ತೆಂಗಿನೆಣ್ಣೆ, ಒಂದು ಕೋಳಿಗರಿ ಹಿಡಿದು ಮನೆಯಿಡೀ ಸುತ್ತುತ್ತಾರೆ. ಕತ್ತಿ, ಹಾರೆ, ಬಾವಿಯ ರಾಟೆ, ಗೇಟಿನ ತಿರುಗಣೆ, ರಾಘುವಿನ ಸೈಕಲ್ಲು. ಹಟ್ಟಿಯಲ್ಲಿ ಪರವೂರ ಯಂತ್ರವೊಂದು ನಿಂತಿದ್ದರೆ ಅದನ್ನು ಬಿಡುತ್ತಾರಾ? ಮನೆಗೆ ಬಂದವರಿಗೆ ಊಟ ಹಾಕುವಷ್ಟೇ ಸಹಜವಾಗಿ ಅದಕ್ಕೂ ಹಚ್ಚಿದ್ದಾರೆ. ಕೈ ಎಟುಕಿದ ಕಡೆಗೆಲ್ಲ ಹಚ್ಚಿದ್ದಾರೆ. ಚಕ್ರ ಓಡಿಸುವ ಇನ್ನೊಂದು ಬೆಲ್ಟಿಗೆ ಕೈ ಎಟುಕಿಲ್ಲ, ಅದಕ್ಕೇ ಯಂತ್ರ ನಡೆಯುತ್ತಿತ್ತು. ಗ್ರೈಂಡರಿನ ಬೆಲ್ಟು ಅಡುಗೆಮನೆಯದ್ದು, ಆ ಲೆಕ್ಕ ಬೇರೆ. ಇದು ಹಟ್ಟಿಯ ಸಾಮಾನು, ಈ ಲೆಕ್ಕವೇ ಬೇರೆ. ನಾವೆಲ್ಲ ಯೋಚಿಸುವುದು ಹಾಗೇ ಅಲ್ಲವಾ?

ಸುಧಾರಿಸಿಕೊಂಡವರಲ್ಲೂ ಅತ್ತೆಯೇ ಮೊದಲಿಗರು. ಮೊರ ಬದಿಗಿಟ್ಟು ಎದ್ದರು.

"ಎಣ್ಣಿ ಹಚ್ದ್ ಮೇಲೆ ಮೀಸ್ದೆ ಬಿಡುಕಾತ್ತಾ? ತಕಂಬಾ ಇಲ್ಲಿ ಅದನ್ನ."

ಹೀಗೆ ಆ ಹೊಸ ಬೆಲ್ಟು ನಮ್ಮ ಬಚ್ಚಲಿಗೆ ಬಂತು. ಅದರ ಸಂದಿ ಸಂದಿಗೂ ಸೀಗೆಪುಡಿ ತಿಕ್ಕಿದರು. ನನ್ನ ಮಗಳಿಗೂ ಅವರು ಇಷ್ಟು ತಾಳ್ಮೆಯಿಂದ ತಲೆ ತಿಕ್ಕಿದ್ದು ನಾನು ಕಂಡಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ಗಾಳಿಗೆ ಹಗ್ಗದ ಮೇಲೆ ಹಾಕಿದರು. ಅತ್ತ ನಾಗೇಶ ಪೆಟ್ರೋಲು ಬಟ್ಟೆಯಲ್ಲಿ ಗಾಲಿಗಳನ್ನು ಒರೆಸಿ ಒರೆಸಿ, ಬೆರಳು ಆಡಿಸಿ ನೋಡಿ ಮತ್ತೆ ಒರೆಸಿದ. ಮಾಸ್ತರು ಆಕಾಶ ನೋಡುವುದು, ಬೆಲ್ಟು ಮುಟ್ಟಿ ನೋಡುವುದು.

ಊಟದ ಹೊತ್ತು ಕಳೆದ ಮೇಲೆ ಬೆಲ್ಟು ಹಾಕಿ ಯಂತ್ರವನ್ನು ಮೈದಾನಕ್ಕೆ ಒಯ್ದರು. ಮಾಸ್ತರು ಲಿವರ್ ಎಳೆದರು. ಕಿರುಚಾಟವಿಲ್ಲ, ವಾಸನೆಯಿಲ್ಲ. ಹೊಟ್ಟೆಯ ಕೆಳಗಿನಿಂದ ಗುಂಯ್ ಎಂಬ ಸದ್ದು ಎದ್ದು, ಬದಿಯಿಂದ ಹುಲ್ಲು ಚಿಮ್ಮಿತು! ನಾಗೇಶ ಸಿಳ್ಳೆ ಹಾಕಿದ. ನಾನೂ ಒಮ್ಮೆ ಕೂಗಿದೆ, ಏನೆಂದು ನೆನಪಿಲ್ಲ. ಬಹಳ ಸಂತೋಷವಾಗಿತ್ತು.

ಸಂಜೆಯವರೆಗೂ ಮಾಸ್ತರು ಇಳಿಯಲಿಲ್ಲ. ರಾಘು "ನಾನೊಂದು ಸುತ್ತು" ಎಂದು ಕೇಳಿದರೆ ಕೇಳಿಸದವರ ಹಾಗೆ ಮುಂದೆ ಹೋದರು. ಬೆನ್ನು ನೆಟ್ಟಗೆ, ಕುತ್ತಿಗೆಗೆ ಸೀಟಿ. ಯಾರಿಗೆ ಊದುತ್ತಾರೋ! ಅತ್ತೆ ಕೊಡೆ ಹಿಡಿದು ಮೈದಾನದ ಬದಿಯಲ್ಲಿ ನಿಂತು, ಪ್ರತಿ ಸುತ್ತಿಗೂ "ಅಲ್ಲೊಂಚೂರ್ ಬಿಟ್ಟೋಯ್ತ್ ಮಾಷ್ಟ್ರೇ" ಎನ್ನುತ್ತಿದ್ದರು.

ಸೋಮವಾರ ಬಂದವರು ಪ್ಯಾಂಟು ಎತ್ತಿ ಹಿಡಿಯಲೇ ಇಲ್ಲ. ಈ ತುದಿಯಿಂದ ಆ ತುದಿಗೆ ಚಪ್ಪಲಿಯಲ್ಲೇ ನಡೆದರು. "ಇಲ್ಲೇ ಮಾಡುವ ಮಾಸ್ಟ್ರೇ" ಎಂದರು. ಮಾಸ್ತರು "ಚಹಾ ಹೇಳಿ ಬತ್ತೆ" ಎಂದು ಆಚೆ ತಿರುಗಿ ಹೋದವರು, ಬರುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಬಂದಾಗ ಮುಖ ತೊಳೆದುಕೊಂಡಿದ್ದರು.

ಕ್ರೀಡಾಕೂಟ ಆಯಿತು. ಸುಣ್ಣದ ಗೆರೆ ಎಳೆದ ಹಸಿರು ಟ್ರ್ಯಾಕು, ಮೈಕು, ಬಣ್ಣಬಣ್ಣದ ಬನಿಯನ್ನಿನ ಮಕ್ಕಳು. ಮೈದಾನ ಚಂದ ಕಂಡಿತು. ಓಟದಲ್ಲಿ ಮಾತ್ರ ನಮ್ಮ ಮಕ್ಕಳ ಕಥೆ ಕೇಳಬೇಡಿ. ರಿಲೇಯಲ್ಲಿ ಕೋಲು ಬೀಳಿಸಿದರು. ಉದ್ದ ಜಿಗಿತದಲ್ಲಿ ಗೆರೆ ತುಳಿದರು. ಶೀಲ್ಡು ಬೈಂದೂರು ಕಡೆಯ ಶಾಲೆಗೆ ಹೋಯಿತು. ಅವರು ಅದನ್ನು ತಲೆಯ ಮೇಲೆ ಎತ್ತಿಕೊಂಡು ಕುಣಿಯುವಾಗ ನಮ್ಮ ಅಧ್ಯಕ್ಷರ ಮುಖ ನೋಡಬೇಕಿತ್ತು. (ಮೂರು ದಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚು, ಉಪ್ಪು ಕಡಿಮೆ ಎಂದು ತಕರಾರು.)

ಮಾಸ್ತರು ಮಾತ್ರ ಕೈ ನೋಯುವಷ್ಟು ಚಪ್ಪಾಳೆ ತಟ್ಟುತ್ತಿದ್ದರು. ರಾಘುವಿಗೆ ತಡೆಯಲಾಗಲಿಲ್ಲ. "ಎಂತ ಮಾಷ್ಟ್ರೇ, ನಮ್ಗೊಂದೂ ಬರ್ಲಿಲ್ಲೆ, ನೀವ್ ನಗಾಡ್ತ್ ಇದ್ದ್ರಿ?" ಎಂದು ಕೇಳಿಯೇ ಬಿಟ್ಟರು.

ಮಾಸ್ತರು ಚಪ್ಪಾಳೆ ನಿಲ್ಲಿಸದೆಯೇ ಹೇಳಿದರು: "ಗೆದ್ದವ್ರ್ ಓಡಿದ್ದ್ ಯಾರ್ ಗ್ರೌಂಡಂಗೆ, ಹೇಳಿ ಕಾಂಬ?"